ಕೊನೆಯ ತುಂಡಿನ ಪರೀಕ್ಷೆ

ನಮ್ಮ ಸೋದರಮಾವನಷ್ಟು ಗೋಬಿ ಮಂಚೂರಿಯನ್ನನ್ನು ನಂಬಿದ ಮನುಷ್ಯ ಚೀನಾದಲ್ಲೂ ಇರಲಾರ! ಬೇರೆಯವರು ವರನ ಜಾತಕ ನೋಡುತ್ತಾರೆ, ಸಂಬಳ ನೋಡುತ್ತಾರೆ. ನಮ್ಮ ಮಾಮಾ ವರನ ಫೋರ್ಕು ನೋಡುತ್ತಿದ್ದ.

ಹೈದರಾಬಾದಿನ ಗಲ್ಲಿಗಲ್ಲಿಗೂ ಕಂಪ್ಯೂಟರ್ ಕ್ಲಾಸು ಹುಟ್ಟಿಕೊಳ್ಳುತ್ತಿದ್ದ ಕಾಲ. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ನನಗೆ ಗಂಡು ಹುಡುಕುವ ಹೊಣೆ ಮಾಮಾನದೇ. ಉಪ್ಪಿಟ್ಟು, ಚಹಾ ಕೊಟ್ಟು ಕನ್ಯೆ ತೋರಿಸುವ ಪದ್ಧತಿಯನ್ನು ಅವನು ಒಂದೇ ಏಟಿಗೆ ತಳ್ಳಿಹಾಕಿದ. "ಮನ್ಯಾಗ ಎಲ್ಲಾರೂ ಶಾಣ್ಯಾರಂಗ ತಿಂತಾರ. ಹೊರಗ ತಿನ್ನಿಸಿ ನೋಡಬೇಕು!"

ಹೀಗಾಗಿ ಕನ್ಯೆ ನೋಡುವ ಶಾಸ್ತ್ರವೆಲ್ಲ ಕೂಕಟ್‌ಪಲ್ಲಿಯಲ್ಲಿ ನಮ್ಮ ಓಣಿಯ ಪುಟ್ಟ ಚೈನೀಸ್ ಹೋಟೆಲಿಗೆ ವರ್ಗವಾಯಿತು. ಕೆಂಪು ಕಾಗದದ ದೀಪಗಳು, ಆವಿಗೆ ಮಸುಕಾದ ಗಾಜು, ಅದರಾಚೆ ತೇಲಿಹೋಗುವ ಬಸ್ಸುಗಳ ಬೆಳಕು. ಒಳಗೆ ಕೂತರೆ ಸಂಜೆಯೇ ಅರೆನಿದ್ರೆಯಲ್ಲಿದೆ ಅನ್ನಿಸುತ್ತಿತ್ತು. ಆ ಮಂಪರಿನಲ್ಲಿ ಎಚ್ಚರವಾಗಿರುತ್ತಿದ್ದದ್ದು ಮಾಮಾನ ಕಣ್ಣು ಮಾತ್ರ!

ನೂಡಲ್ಸ್, ಫ್ರೈಡ್ ರೈಸ್ ತರಿಸಿದ್ದೇ ಇಲ್ಲ. "ಊಟ ಅವರವರ ಮನ್ಯಾಗ!" ಹುಡುಗ, ನಾನು, ಮಾಮಾ, ಮೂವರಿಗೂ ಸೇರಿ ಒಂದೇ ಪ್ಲೇಟ್ ಗೋಬಿ. ಹಂಚಿಕೊಂಡು ತಿಂದ ಮೇಲೆ ಒಂದು ತುಂಡು ಉಳಿಯಲೇಬೇಕು. ಲೆಕ್ಕ ಸರಿಹೋಗುವಂತಿದ್ದರೆ ಮಾಮಾ ಮೊದಲೇ ಒಂದೆರಡು ನುಂಗಿ ಲೆಕ್ಕ ಕೆಡಿಸುತ್ತಿದ್ದ. ಆ ಕೊನೆಯ ತುಂಡನ್ನು ಹುಡುಗ ಏನು ಮಾಡುತ್ತಾನೆ? ಅದೇ ಪರೀಕ್ಷೆ. ತಾನೇ ತಿಂದರೆ ನಪಾಸು!

ಮೊದಲನೆಯವನು ಭಾನುವಾರವೂ ಕೊರಳಿಗೆ ಕಂಪನಿಯ ಬಿಲ್ಲೆ ತೂಗುಹಾಕಿಕೊಂಡು ಬಂದಿದ್ದ. ಅಮೆರಿಕದ ಪ್ರಾಜೆಕ್ಟಿನ ವರ್ಣನೆ ನಡೆದಿರುವಾಗಲೇ ಕೊನೆಯ ತುಂಡು ಮಾಯ. "ಅತ್ತಾಗಿತ್ತಾಗ ಹೊಳ್ಳಿ ನೋಡಲಿಲ್ಲವ್ವಾ. ನಾಳೆ ನಿನಗ ಜ್ವರ ಬಂದ್ರೂ ನೋಡಂಗಿಲ್ಲ," ಅಂದ ಮಾಮಾ.

ಎರಡನೆಯವನು "ನೀವ ತಗೋರಿ, ಇಲ್ರಿ ನೀವ" ಎನ್ನುತ್ತ ಗೋಬಿ ಒಣಗುವ ತನಕ ಕೂತ. "ಮರ್ಯಾದಿ ಭಾಳ ಐತಿ. ಬಾಳೇ ಮಾಡೂದು ಯಾವಾಗ?"

ಮೂರನೆಯವನು ಚಾಕುವಿನಿಂದ ಸಮವಾಗಿ ಮೂರು ಹೋಳು ಮಾಡಿದ. ಈತ ಪಾಸು ಅಂದುಕೊಂಡೆ. ಎಲ್ಲಿಯ ಪಾಸು! "ಇಂವ ಪ್ರೀತಿನೂ ಅಳದ ಕೊಡತಾನ!"

ಅವ್ವ ಹಣೆ ಚಚ್ಚಿಕೊಂಡಳು. "ಯಣ್ಣಾ, ಹೂಕೋಸಿನ ಸಲುವಾಗಿ ಹುಡುಗಿ ಮನ್ಯಾಗ ಉಳೀತಾಳೋ!"

ನಾಲ್ಕನೆಯವನು ಬೀದರ್ ಕಡೆಯವನು. ಬಂದವನೇ ತನ್ನ ಫಜೀತಿ ಹೇಳತೊಡಗಿದ. "ಈ ಊರಿಗೆ ಬಂದ ಹೊಸದಾಗಿ ಸುಲ್ತಾನ್ ಬಜಾರ್‌ದಾಗ ಬಸ್ ಹತ್ತಿ ನಿದ್ದಿ ಹೊಡದೆರಿ. ಎಚ್ಚರಾದಾಗ ಊರಿನ ಆ ತುದಿ, ಕುಷಾಯಿಗೂಡ! ಕಂಡಕ್ಟರ್ ನಗಬಾರದಂತ, ನಮ್ಮ ಮನಿ ಇಲ್ಲೇ ಐತಿ ಅಂದು ಇಳದೆ. ಅಂವ ನೋಡಾಕತ್ತಿದ್ದ. ಯಾರದೋ ಗೇಟ್ ತಗದು ಒಳಗೂ ಹೋದೆರಿ. ಒಬ್ಬಾಕಿ ಮುದುಕಿ ಬಂದು, ಗ್ಯಾಸ್ ಸಿಲಿಂಡರ್ ಎಲ್ಲಿ ಅಂತ ಬೈಯಾಕತ್ತಿದಳು!"

ನಾನು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕೆಂಪು ಬೆಳಕು, ಅವನ ದನಿ, ಗಾಜಿನಾಚೆಯ ಬೀದಿ, ಎಲ್ಲ ಎಲ್ಲಿಗೋ ತೇಲುತ್ತಿತ್ತು. ಇವನೇ ಆಗಲಿ ದೇವರೇ ಅಂದುಕೊಂಡೆ. ಅಷ್ಟರಲ್ಲಿ ಮಾತಿನ ಭರದಲ್ಲಿ ಪುಣ್ಯಾತ್ಮ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡುಬಿಟ್ಟ! ನಾನು ಮಾಮಾನತ್ತ ನೋಡಿದೆ.

ಮಾಮಾ ಮಾಣಿಯತ್ತ ತಿರುಗಿದ. "ಭಾಯ್, ಆಜ್ ಖಾನಾ ಭೀ ಇಧರಿಚ್!" ಅಂದ. ಇಲ್ಲೇ ಊಟವಂತೆ!

ಹುಡುಗನನ್ನು ಬಸ್ಸು ಹತ್ತಿಸಿ ಮನೆಯತ್ತ ನಡೆಯುವಾಗ ಹೆದರುತ್ತಲೇ ಕೇಳಿದೆ. "ಮಾಮಾ, ಕಡೀ ತುಂಡು ಅಂವನ ತಿಂದ. ನಪಾಸ್ ಅಲ್ಲೇನು?"

"ಪ್ಲೇಟ್ ಯಾರ ನೋಡಿದ್ರವ್ವಾ? ನಾ ನಿನ್ನ ಮಾರಿ ನೋಡಾಕತ್ತಿದ್ದೆ. ನಿಮ್ಮಪ್ಪ ಹೋದ ಮ್ಯಾಲ ನೀ ಹಂಗ ನಕ್ಕಿದ್ದು ನಾ ನೋಡೇ ಇರಲಿಲ್ಲ."

ಅಷ್ಟು ಹೇಳಿ ಮಾಮಾ ಸರಸರ ಮುಂದೆ ನಡೆದುಬಿಟ್ಟ. ಕರೆದರೂ ತಿರುಗಲಿಲ್ಲ. ಅಳುವಾಗ ನಮ್ಮ ಮಾಮಾ ಯಾರಿಗೂ ಮುಖ ತೋರಿಸುವುದಿಲ್ಲ.