ಕ್ಯಾಪ್ಟನ್ ಸೆವೆರಿನೊ ಅವರನ್ನು ದಯವಿಟ್ಟು ನೀರಿನಲ್ಲೇ ಬಿಡಿ

ಗೆ,
ಕಥಾ ವಿಭಾಗದ ಮುಖ್ಯಸ್ಥರು,
ಸಿಲಂಗನ್ ವಾಹಿನಿ, ಮನಿಲಾ.

ಮಾನ್ಯರೇ,

ಇಲೊಯಿಲೊ ನಗರದ ಮೋಲೊ ಬಡಾವಣೆಯ ನಮ್ಮ ಓಣಿಯ ಹದಿನಾಲ್ಕು ಮನೆಗಳ ಪರವಾಗಿ ತಮಗೂ, ತಮ್ಮ ಸಮಸ್ತ ಕಥೆಗಾರರಿಗೂ, ಸತ್ತವರನ್ನು ಎಬ್ಬಿಸುವಲ್ಲಿ ತಮಗಿರುವ ಅಪಾರ ಅನುಭವಕ್ಕೂ ವಂದನೆಗಳು. ದೂರಿಗೆ ಕೈಹಾಕುವ ಮುನ್ನ, ಹೇಳದೆ ಬಿಟ್ಟುಬಿಡೋಣವೆಂದು ಎರಡು ಕರಡುಗಳಲ್ಲಿ ಹೊಡೆದುಹಾಕಿದ್ದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ‘ಕೊನೆಯ ದೋಣಿ’ ಧಾರಾವಾಹಿಯನ್ನು ಹದಿನೆಂಟು ವರ್ಷಗಳ ಮೇಲೆ ಮತ್ತೆ ಆರಂಭಿಸುವುದಾದರೆ ಕ್ಯಾಪ್ಟನ್ ಸೆವೆರಿನೊ ಪಾತ್ರಕ್ಕೆ ಮೂಲ ನಟರಾದ ಶ್ರೀ ರೇನಾರ್ಡ್ ಮೊಂತೆಸಾ ಅವರೇ ಮರಳಬೇಕು, ಬೇರೆ ಯಾರನ್ನೂ ಒಪ್ಪುವುದಿಲ್ಲ ಎಂದು ತಮಗೆ ಬಂದ ಸಾಮೂಹಿಕ ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಸಹಿಯ ಪಕ್ಕದಲ್ಲಿ ‘ಇದು ನ್ಯಾಯದ ಪ್ರಶ್ನೆ’ ಎಂದು ಬರೆದವಳೂ ನಾನೇ. ಈಗ ತಾವು ನ್ಯಾಯ ಒದಗಿಸಿಬಿಟ್ಟಿರುವುದರಿಂದ, ಅದನ್ನು ದಯವಿಟ್ಟು ಹಿಂದಕ್ಕೆ ಪಡೆಯಬೇಕೆಂದು ಕೋರಲು ಈ ಪತ್ರ.

ತಮ್ಮ ಮುನ್ನೋಟವನ್ನು ನಾವು ನೋಡಿದ್ದೇವೆ. ಕಪ್ಪು ಸಮುದ್ರ, ಗುಡುಗು, ನೀರಿನಿಂದ ಮೇಲೇಳುವ ಒಂದು ಕೈ, ಆ ಕೈಯ ಬೆರಳಲ್ಲಿ ಮದುವೆಯ ಉಂಗುರ, ಹಿನ್ನೆಲೆಯಲ್ಲಿ ಶ್ರೀ ಮೊಂತೆಸಾ ಅವರ ಆ ಕಂಚಿನ ಕಂಠ: ‘ನಾನು ಬರುತ್ತಿದ್ದೇನೆ.’ ಹದಿನೆಂಟು ವರ್ಷ ಉಪ್ಪುನೀರಿನಲ್ಲಿದ್ದ ಮನುಷ್ಯನ ಉಗುರುಗಳು ಅಷ್ಟು ಚೊಕ್ಕವಾಗಿದ್ದುದನ್ನು ಕಂಡು ಓಣಿಯ ಹೆಂಗಸರೆಲ್ಲ ತಮ್ಮ ಕೈ ನೋಡಿಕೊಂಡರು. ನಮ್ಮ ಯೇಸುಸ್ವಾಮಿ ಒಂದೇ ಒಂದು ಸಲ, ಅದೂ ಮೂರು ದಿನ ತೆಗೆದುಕೊಂಡು ಮಾಡಿದ ಕೆಲಸವನ್ನು ತಮ್ಮ ವಾಹಿನಿ ಸಂಜೆ ಏಳೂವರೆಗೆ, ಜಾಹೀರಾತಿನ ನಡುವೆ, ಕ್ರಾಪು ಕೂಡ ಕೆಡದಂತೆ ಮಾಡಿ ಮುಗಿಸುತ್ತದೆ. ಇಂಥ ಸಂಸ್ಥೆಗೆ ನಾನು ಸಲಹೆ ಕೊಡುವುದು ಉದ್ಧಟತನವೆಂದು ನನಗೆ ಗೊತ್ತು. ಆದರೂ ಸತ್ತವರನ್ನು ಕಳುಹಿಸಿಕೊಡುವ ಕೆಲಸದಲ್ಲಿ ನಮ್ಮ ಓಣಿಗೂ ಒಂದಿಷ್ಟು ಅನುಭವವಿದೆ, ಮತ್ತು ಕ್ಯಾಪ್ಟನ್ ಸೆವೆರಿನೊ ಅವರನ್ನು ಕಳುಹಿಸಿಕೊಟ್ಟವರು ನಾವೇ.

ತಮಗೆ ನೆನಪಿರಬಹುದು, ಅಥವಾ ಇರಲಿಕ್ಕಿಲ್ಲ: 2007ರಲ್ಲಿ ಕ್ಯಾಪ್ಟನರ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿದ ಮೇಲೆ ಖಾಲಿ ಪೆಟ್ಟಿಗೆಯನ್ನಿಟ್ಟುಕೊಂಡು ಅವರ ಹೆಂಡತಿ ಅಮಾಲಿಯಾ ನಡೆಸಿದ ಜಾಗರಣೆಯನ್ನು ತಾವು ಹನ್ನೊಂದು ಕಂತುಗಳಿಗೆ ಎಳೆದಿರಿ. ನಮ್ಮ ಓಣಿಯಲ್ಲಿ ಆಗ ದೊಡ್ಡ ಟಿವಿ ಇದ್ದದ್ದು ಓಣಿಗೆಲ್ಲ ಹಿರಿಯಕ್ಕನಂತಿದ್ದ ನಾಂಗ್ ಲೋಲಿತ್ ಅವರ ಹಜಾರದಲ್ಲಿ ಮಾತ್ರ. ಸಾವಿನ ಜಾಗರಣೆ ನಡೆಯುವ ಮನೆಯಲ್ಲಿ ಕಸ ಗುಡಿಸಬಾರದು ಎಂಬುದು ನಮ್ಮ ರೂಢಿ. ಜಾಗರಣೆ ಟಿವಿಯೊಳಗೆ ನಡೆಯುತ್ತಿದೆಯೇ ಹೊರತು ಟಿವಿ ಇರುವ ಮನೆಯಲ್ಲಲ್ಲ ಎಂದು ನಾನು, ಓದಿದವಳೆಂಬ ಧೈರ್ಯದಲ್ಲಿ, ಮೆಲ್ಲಗೆ ಹೇಳಿ ನೋಡಿದೆ. ನಾಂಗ್ ಲೋಲಿತ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಪೆಟ್ಟಿಗೆ ಎಲ್ಲಿ ಕಾಣ್ತಾ ಇದೆ? ನನ್ನ ಹಜಾರದಲ್ಲಿ ತಾನೆ? ಮತ್ತೆ! ನಿನ್ನ ಇಂಗ್ಲಿಷು ನಿನ್ನ ಹತ್ರ ಇಟ್ಕೊ, ಇಂದಾಯ್” ಅಂದರು. ಎಷ್ಟು ಓದಿದರೂ ಹಿರಿಯರ ಬಾಯಲ್ಲಿ ನಾನು ಇಂದಾಯ್, ಅಂದರೆ ಹುಡುಗಿಯೇ. ವಾರಕ್ಕೆ ಐದರಂತೆ ಹನ್ನೊಂದು ಕಂತು, ನಡುವೆ ಎರಡು ಶನಿವಾರ ಭಾನುವಾರ, ಹದಿನೈದು ದಿನ ಆ ಮನೆಯಲ್ಲಿ ಪೊರಕೆ ಆಡಲಿಲ್ಲ. ಕಡಲೆಕಾಯಿ ಸಿಪ್ಪೆ ಪಾದದ ಗಂಟಿನವರೆಗೆ ಬಂದಿತ್ತು. ಕಂತು ಮುಗಿದ ಮೇಲೆ ಯಾರೂ ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಜಾಗರಣೆಯಿಂದ ನೇರ ಮನೆಗೆ ಹೋದರೆ ಸತ್ತವರು ಹಿಂಬಾಲಿಸುತ್ತಾರಲ್ಲ, ಆದ್ದರಿಂದ ಎಲ್ಲರೂ ಮೂಲೆಯ ಬೇಕರಿಗೆ ಸುತ್ತು ಹಾಕಿ, ಕ್ಯಾಪ್ಟನರನ್ನು ಅಲ್ಲಿ ಬಿಟ್ಟು ಮನೆ ಸೇರುತ್ತಿದ್ದೆವು. ಬೇಕರಿಯವನು ದೂರಿದ್ದಕ್ಕೆ, ಅವನ ಅಂಗಡಿಯಲ್ಲಿ ಆ ಹದಿನೈದು ದಿನ ಸೇರಿಕೊಂಡ ಸೆವೆರಿನೊಗಳ ಲೆಕ್ಕ ಸಿಗದೆ ಪಾದ್ರಿಗಳು ಒಮ್ಮೆಲೇ ತೀರ್ಥ ಚಿಮುಕಿಸಿ ಹೋದರು.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಜಾಗರಣೆ ಮುಗಿದ ಮರುದಿನ ನನ್ನ ಚಿಕ್ಕಮ್ಮ ತಿಯಾ ಪಸಿಂಗ್ ಎದ್ದು ನಿಂತು, “ಪಾಪ, ಆ ಅಮಾಲಿಯಾಗೆ ಹಿಂದೆ ಮುಂದೆ ಯಾರೂ ಇಲ್ಲ. ಒಂಬತ್ತು ದಿನದ ಪ್ರಾರ್ಥನೆ ನಾವೇ ಮಾಡೋಣ” ಅಂದರು. ಯಾರೂ ನಗಲಿಲ್ಲ. ಯಾಕೆಂದರೆ ಅದೇ ವರ್ಷ, ಎರಡು ತಿಂಗಳ ಹಿಂದೆ, ಅವರ ಗಂಡ ತಿಯೊ ಅಬುಂದಿಯೊ ಅಡುಗೆಯವರಾಗಿದ್ದ ಸರಕಿನ ಹಡಗು ದೂರದ ಸಮುದ್ರದಲ್ಲಿ ಕಾಣೆಯಾಗಿತ್ತು. ಒಂದು ಹಲಗೆ ಕೂಡ ಸಿಕ್ಕಿರಲಿಲ್ಲ. ಅವರಿಗಾಗಿ ಪ್ರಾರ್ಥನೆ ಮಾಡೋಣವೆಂದು ಯಾರಾದರೂ ಬಾಯಿ ತೆರೆದರೆ ತಿಯಾ, “ಹೆಣ ನೋಡಿದೀರಾ? ನೋಡಿದವರಿದ್ರೆ ಮುಂದೆ ಬನ್ನಿ” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಂಥವರು ಪತ್ರಿಕೆಯಿಂದ ಶ್ರೀ ಮೊಂತೆಸಾ ಅವರ ಚಿತ್ರ ಕತ್ತರಿಸಿ, ಮೇಣದಬತ್ತಿ ಹಚ್ಚಿ, ಒಂಬತ್ತು ಸಂಜೆ ಮಂಡಿಯೂರಿದರು. ನಾವೆಲ್ಲ ಸೆವೆರಿನೊ ಎಂದು ಹೆಸರು ಹೇಳಿದೆವು. ಒಂಬತ್ತನೆಯ ದಿನದ ಊಟಕ್ಕೆ ತಿಯಾ ಮಾಡಿದ್ದು ಯಕೃತ್ತು ಹಾಕಿದ ಹಳದಿ ಅನ್ನ. ಕ್ಯಾಪ್ಟನ್ ಸೆವೆರಿನೊ ಅದನ್ನು ತಮ್ಮ ಯಾವ ಕಂತಿನಲ್ಲೂ ತಿಂದವರಲ್ಲ. ತಿಯೊ ರಜೆಯಲ್ಲಿ ಬಂದಾಗಲೆಲ್ಲ ಮೊದಲ ದಿನ ಕೇಳಿ ಮಾಡಿಸಿಕೊಳ್ಳುತ್ತಿದ್ದದ್ದು ಅದನ್ನೇ. ಓಣಿಯವರೆಲ್ಲ ಎರಡೆರಡು ಸಲ ಹಾಕಿಸಿಕೊಂಡು ಉಂಡು, ತಟ್ಟೆ ತೊಳೆದಿಟ್ಟು ಹೋದರು.

ಹೀಗೆ, ಮಾನ್ಯರೇ, ನಮ್ಮ ಮನೆಯಲ್ಲಿ ತೀರಿಕೊಂಡವರು ಯಾರೆಂದು ಹೇಳಬೇಕಾದ ಕಷ್ಟವನ್ನು ತಮ್ಮ ಧಾರಾವಾಹಿ ತಪ್ಪಿಸಿತು. ಇದಕ್ಕಾಗಿ ನಮ್ಮ ಕೃತಜ್ಞತೆ ಹದಿನೆಂಟು ವರ್ಷ ಹಾಗೇ ಇತ್ತು, ಹೋದ ತಿಂಗಳ ಆ ಕೈ ಮೇಲೇಳುವವರೆಗೆ.

ಆರು ವರ್ಷಗಳ ಹಿಂದೆ, ಎಲ್ಲರೂ ನೊಂಗ್, ಅಂದರೆ ಅಣ್ಣ, ಎಂದು ಕರೆಯುವ ನೊಂಗ್ ತಿರ್ಸೊ ಎಂಬ ವಿಧುರರು ತಿಯಾ ಅವರ ಫ್ಯಾನು ದುರಸ್ತಿ ಮಾಡಲು ಬಂದರು. ಅಂದಿನಿಂದ ಪ್ರತಿ ಶನಿವಾರವೂ ಆ ಫ್ಯಾನನ್ನು ವಿಚಾರಿಸಿಕೊಳ್ಳಲು ಬರುತ್ತಾರೆ. ಓಣಿಯ ಇತಿಹಾಸದಲ್ಲೇ ಅಷ್ಟು ಆರೈಕೆ ಕಂಡ ಫ್ಯಾನು ಇನ್ನೊಂದಿಲ್ಲ. ಈ ವರ್ಷ, ಅರವತ್ತೆರಡನೆಯ ವಯಸ್ಸಿನಲ್ಲಿ, ತಿಯಾ ನ್ಯಾಯಾಲಯದ ಕಾಗದಕ್ಕೆ ಸಹಿ ಹಾಕಿದರು. ತಿಯೊ ಇಲ್ಲವೆಂದು ಭಾವಿಸತಕ್ಕದ್ದು ಎಂದು ನ್ಯಾಯಾಧೀಶರು ಬರೆದುಕೊಟ್ಟರು, ಪಾದ್ರಿಗಳು ಒಪ್ಪಿದರು, ಡಿಸೆಂಬರ್ ಹದಿಮೂರಕ್ಕೆ ಮದುವೆ ಗೊತ್ತಾಯಿತು, ತಿಳಿನೀಲಿ ಉಡುಪು ಹೊಲಿದು ಬಂತು. ಅದನ್ನು ಅವರು ಮೈಮೇಲೆ ಹಿಡಿದು ಕನ್ನಡಿ ನೋಡಿಕೊಳ್ಳುತ್ತಿದ್ದ ಸಂಜೆಯೇ ಟಿವಿಯಲ್ಲಿ ಸಮುದ್ರ ಗುಡುಗಿತು.

ತಿಯಾ ಉಡುಪನ್ನು ಮಡಚಿ ಪೆಟ್ಟಿಗೆಗೆ ಹಾಕಿದರು. ಮುಂದಿನ ಶನಿವಾರ ನೊಂಗ್ ತಿರ್ಸೊ ಬಂದಾಗ ಅವರಿಗೆ ಹೇಳಿದ್ದಿಷ್ಟು: “ಸ್ವಲ್ಪ ದಿನ ತಡೀರಿ ನೊಂಗ್. ಆ ಮನುಷ್ಯ ಹೇಗೆ ಬದುಕಿಕೊಂಡ ಅಂತ ಮೊದಲು ನೋಡೋಣ.”

ನೊಂಗ್ ತಿರ್ಸೊ ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿದರು, “ಎಷ್ಟು ಕಂತಂತೆ?”

“ನೂರಾ ಇಪ್ಪತ್ತು.”

“ಪಸಿಂಗ್, ನಂಗೆ ಅರವತ್ತೇಳು. ಎರಡನೇ ಭಾಗ ಅಂತ ಏನಾದ್ರೂ ತೆಗೆದ್ರೆ ನಾನೇನು ಮಾಡ್ಲಿ?”

“ಸೆವೆರಿನೊ ಬರಬಹುದು ಅಂದ್ಮೇಲೆ...” ಎಂದು ತಿಯಾ ಅಲ್ಲಿಗೇ ನಿಲ್ಲಿಸಿದರು. ನೊಂಗ್ ತಿರ್ಸೊ ಯಾವ ರೋಗವೂ ಇಲ್ಲದ ಫ್ಯಾನನ್ನು ಪೂರ್ತಿ ಬಿಚ್ಚಿ, ಮತ್ತೆ ಜೋಡಿಸಿ, ಊಟ ಮಾಡದೆ ಹೋದರು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಬಹಳ ಸಣ್ಣವು. ಶ್ರೀ ಮೊಂತೆಸಾ ಅವರು ಮರಳಲಿ, ಖಂಡಿತ ಮರಳಲಿ, ಸಹಿ ಹಾಕಿದ ನನಗೂ ಮಾನವಿದೆ; ಆದರೆ ಕ್ಯಾಪ್ಟನರಾಗಿ ಬೇಡ. ಕ್ಯಾಪ್ಟನರಿಗೆ ಹುಟ್ಟುವಾಗಲೇ ಬೇರೆಯಾದ ಅವಳಿ ಸಹೋದರ ಇರಬಾರದೇಕೆ? ತಮ್ಮ ವಾಹಿನಿಯಲ್ಲಿ ಒಂಟಿಯಾಗಿ ಹುಟ್ಟಿದವರನ್ನು ನಾನು ಹೆಚ್ಚು ಕಂಡಿಲ್ಲ. ಅದಾಗದಿದ್ದರೆ ಬೇರೆ ಮುಖದ ಹುಡುಗನೊಬ್ಬನನ್ನು ಕ್ಯಾಪ್ಟನರೆಂದು ತನ್ನಿ. ಬೇರೆ ಮುಖದವನು ಬೇರೆಯವನೇ ಎಂದು ತಿಯಾ ನಂಬುತ್ತಾರೆ, ಓಣಿಯೂ ನಂಬುತ್ತದೆ, ನೋಡುವವರು ಕಡಿಮೆಯಾದರೆ ನಮ್ಮ ಹದಿನಾಲ್ಕು ಮನೆಗಳವರು ಎರಡೆರಡು ಸಲ ನೋಡಿ ಸರಿದೂಗಿಸುತ್ತೇವೆ. ಅದೂ ಆಗದಿದ್ದರೆ, ನಾವು ಸಲ್ಲಿಸಿದ ಒಂಬತ್ತು ಸಂಜೆಯ ಪ್ರಾರ್ಥನೆಗಳನ್ನೂ, ಹದಿನೆಂಟು ನವೆಂಬರ್‌ಗಳಲ್ಲಿ ಸತ್ತವರ ಹಬ್ಬದಂದು ಹಚ್ಚಿದ ಮೇಣದಬತ್ತಿಗಳನ್ನೂ ಬಳಸಿಲ್ಲವೆಂದು ದೃಢೀಕರಿಸಿ ಹಿಂದಿರುಗಿಸಿ. ಬದುಕಿದ್ದವರ ಆತ್ಮಶಾಂತಿಗೆಂದು ಸಲ್ಲಿಸಿದ ಅವು ಯಾವ ಖಾತೆಗೆ ಬಿದ್ದವು ಎಂದು ನಾನು ಪಾದ್ರಿ ಎವಾರಿಸ್ತೊ ಅವರನ್ನೂ ಕೇಳಿದೆ. ಅವರು ಕನ್ನಡಕ ಒರೆಸುತ್ತಾ, “ಪ್ರಾರ್ಥನೆ ಹಾಳಾಗಲ್ಲಮ್ಮ. ಹೆಸರು ತಪ್ಪಿದ್ರೂ ತಲುಪೋರಿಗೆ ತಲುಪಿರತ್ತೆ” ಅಂದರು. ಆಮೇಲೆ ದನಿ ತಗ್ಗಿಸಿ, “ಅದಿರ್ಲಿ, ನಿಜವಾಗ್ಲೂ ಮೊಂತೆಸಾನೇ ಬರ್ತಿರೋದಾ?” ಎಂದು ಕೇಳಿದರು.

ಈಗ ನನ್ನನ್ನು ನಿದ್ದೆಗೆಡಿಸಿರುವ ವಿಷಯಕ್ಕೆ ಬರುತ್ತೇನೆ. ಮೊದಲ ಕಂತಿನಲ್ಲೋ ಹತ್ತನೆಯದರಲ್ಲೋ ಅಮಾಲಿಯಾ ಕೇಳಲೇಬೇಕು: ಬದುಕಿದ್ದರೆ ಹದಿನೆಂಟು ವರ್ಷ ಒಂದು ಕಾಗದ ಯಾಕೆ ಹಾಕಲಿಲ್ಲ? ತಮ್ಮ ಕಥೆಗಾರರು ಅದಕ್ಕೊಂದು ಉತ್ತರ ಬರೆಯುತ್ತಾರೆ. ಅವರಿಗೆ ಅದು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸುವ ಎರಡು ಪುಟ. ನನ್ನ ಚಿಕ್ಕಮ್ಮನಿಗೆ ಅದು ತಿಯೊ ಕೊಟ್ಟ ಉತ್ತರ. ನೆನಪು ಹೋಗಿತ್ತು ಎಂದು ತಾವು ಬರೆದರೆ ಅವರು ನೆನಪು ಬರುವ ತನಕ ಕಾಯುತ್ತಾರೆ. ಇನ್ನೊಂದು ಬಂದರಿನಲ್ಲಿ ಇನ್ನೊಂದು ಸಂಸಾರವಿತ್ತು ಎಂದು ಬರೆದರೆ, ಒಂದು ತಪ್ಪೂ ಮಾಡದ ಸತ್ತ ಮನುಷ್ಯರೊಬ್ಬರು ನಮ್ಮ ಮನೆಯಲ್ಲಿ ದ್ರೋಹಿಯಾಗುತ್ತಾರೆ. ದ್ವೀಪವೊಂದರಲ್ಲಿ ಸೆರೆಯಲ್ಲಿದ್ದರು ಎಂದರೆ ತಿಯಾ ನಕಾಶೆ ತಂದುಕೊಡು ಎಂದು ನನ್ನನ್ನೇ ಕೇಳುತ್ತಾರೆ. ನಮ್ಮ ದೇಶದಲ್ಲಿ ದ್ವೀಪಗಳಿಗೆ ಬರವಿಲ್ಲ.

ಇಷ್ಟು ಬರೆದ ಮೇಲೆ ನನ್ನನ್ನು ನಾನೇ ಕೇಳಿಕೊಳ್ಳದೆ ವಿಧಿಯಿಲ್ಲ. ನಾನು ನಾವಿಕರ ಕಾಲೇಜಿನಲ್ಲಿ ಹಡಗಿನ ರೇಡಿಯೊದಲ್ಲಿ ಆಡಬೇಕಾದ ಇಂಗ್ಲಿಷ್ ಕಲಿಸುತ್ತೇನೆ. ಅಪಾಯವನ್ನು ಸುತ್ತಿ ಬಳಸಿ ಹೇಳಬೇಡಿ, ಒಂದೇ ವಾಕ್ಯದಲ್ಲಿ ಹೇಳಿ, ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಡುತ್ತಿರುವ ನಾನು, ‘ತಿಯಾ, ಅವರು ಸತ್ತಿದ್ದಾರೆ’ ಎಂಬ ವಾಕ್ಯವನ್ನು ಅವರೆದುರು ಒಮ್ಮೆಯೂ ಆಡಿದವಳಲ್ಲ. ಆ ಕೆಲಸವನ್ನು ಅಂದು ಒಂದು ಧಾರಾವಾಹಿಗೆ ಬಿಟ್ಟೆ. ಇಂದು ಅದೇ ಧಾರಾವಾಹಿ ಮಾತು ಬದಲಿಸಿದೆಯೆಂದು ತಮ್ಮನ್ನು ದೂರುತ್ತಿದ್ದೇನೆ. ಇದರಲ್ಲಿ ತಮ್ಮ ತಪ್ಪೆಷ್ಟು, ನನ್ನದೆಷ್ಟು ಎಂದು ಬಿಡಿಸಲು ನನ್ನಿಂದಾಗಿಲ್ಲ. ಹಾಗಾಗಿ ಪೂರ್ತಿ ತಮ್ಮ ಮೇಲೆ ಹಾಕಿದ್ದೇನೆ. ದೊಡ್ಡ ಸಂಸ್ಥೆ, ತಡೆದುಕೊಳ್ಳುತ್ತದೆ.

ಕ್ಯಾಪ್ಟನರನ್ನು ಮತ್ತೆ ನೀರಿಗಿಳಿಸುವಿರೆಂಬ ಭರವಸೆಯೊಂದಿಗೆ, ತಮ್ಮ ಉಗುರು ಶೃಂಗಾರ ವಿಭಾಗಕ್ಕೆ ವಿಶೇಷ ಅಭಿನಂದನೆಗಳೊಂದಿಗೆ,

ಏಳೂವರೆಯಿಂದ ಎಂಟರವರೆಗೆ ತಪ್ಪದೆ ತಮ್ಮ ವಿಶ್ವಾಸಿ,
ರೊವೆನಾ ಗುಂಬಾನ್

ಮರೆತ ಮಾತು: ಸಹಿ ಹಾಕಿದ ಮೇಲೆ, ಕಳಿಸುವ ಮುಂಚೆ ಕೇಳಿಸಬೇಕಾದವರಿಗೆ ಕೇಳಿಸಬೇಕೆನ್ನಿಸಿ, ಈ ಪತ್ರವನ್ನು ತಿಯಾಗೆ ಪೂರ್ತಿ ಓದಿ ಹೇಳಿದೆ. ರೇಡಿಯೊದ ಭಾಗದಲ್ಲಿ ‘ಅವರು ಸತ್ತಿದ್ದಾರೆ’ ಎಂಬುದು ಮೊದಲ ಸಲ ಸರಿಯಾಗಿ ಕೇಳಿಸುವಂತೆ ಬರಲಿಲ್ಲ. ಆ ಒಂದು ವಾಕ್ಯವನ್ನು ಎರಡು ಸಲ ಓದಬೇಕಾಯಿತು. ಅವರು ಸೀಗಡಿ ಸುಲಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ. “ಆ ಕಾಗದ ಹಾಕದ ವಿಷಯ ಇನ್ನೊಂದ್ಸಲ ಓದು” ಅಂದರು. ಓದಿದೆ. ಇನ್ನೊಂದು ಸೀಗಡಿ ಸುಲಿದಿಟ್ಟು ಹೇಳಿದರು: “ಅಬುಂದಿಯೊ ಯಾವ ಬಂದರಲ್ಲಿ ಇಳಿದ್ರೂ ಎರಡು ಸಾಲು ಹಾಕ್ತಿದ್ದ, ಇಂದಾಯ್. ಬ್ರೆಜಿಲ್ಲಲ್ಲಿ ಕಾಲು ಮುರ್ಕೊಂಡಾಗ್ಲೂ ಹಾಕಿದ್ದ. ಕಾಲು ಮುರಿದಿದೆ, ಇಲ್ಲಿನ ಅಕ್ಕಿ ಚೆನ್ನಾಗಿಲ್ಲ, ಅಂತ. ಇದ್ದಿದ್ರೆ ಬರೀತಿದ್ದ.” ಕೈ ತೊಳೆದುಕೊಂಡು ಬಂದು, “ತಿರ್ಸೊಗೆ ಹೇಳ್ಬಿಡು. ಹದಿಮೂರಕ್ಕೇ” ಅಂದರು. ಆಮೇಲೆ ಮುಖ ಆ ಕಡೆ ಮಾಡಿ ಕೂತರು, ನಾನು ಸೀಗಡಿ ಮುಗಿಸಿದೆ.

ಆದ್ದರಿಂದ ತಾವು ಇನ್ನು ಯಾರನ್ನು ಬೇಕಾದರೂ ನೀರಿನಿಂದ ಎತ್ತಬಹುದು, ನನ್ನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಮೊದಲ ಕಂತನ್ನು ಹೊಸ ದಂಪತಿಗಳು ಜೊತೆಗೆ ಕೂತು ನೋಡಲಿದ್ದಾರೆ, ಮತ್ತು ಸೆವೆರಿನೊ ಕಾಗದ ಯಾಕೆ ಹಾಕಲಿಲ್ಲ ಎಂಬುದಕ್ಕೆ ತಮ್ಮ ಹತ್ತು ಮಂದಿ ಕಥೆಗಾರರು ಸೇರಿ ಏನು ಹೆಣೆದರೂ ತಿಯೊ ಅವರ ಆ ಎರಡು ಸಾಲುಗಳ ಮುಂದೆ ಅದು ಎಷ್ಟು ನಿಲ್ಲುತ್ತದೆಂದು ನೋಡಲು ನಮಗೂ ಕುತೂಹಲವಿದೆ. ತಮಗೆ ಸುದ್ದಿ ಮುಂಚೆ ತಿಳಿದರೆ ಕ್ಯಾಮೆರಾ ಹೊತ್ತು ಚರ್ಚಿಗೇ ಬಂದುಬಿಡುತ್ತೀರಿ, ಮದುವೆಯ ಪ್ರಮಾಣದ ನಡುವೆ ಬಾಗಿಲಲ್ಲಿ ಯಾರನ್ನಾದರೂ ಒದ್ದೆ ಬಟ್ಟೆಯಲ್ಲಿ ನಿಲ್ಲಿಸುತ್ತೀರಿ ಎಂದು ತಿಯಾಗೆ ಅನುಮಾನ. ಹಾಗಾಗಿ ಇದನ್ನು ಅಂಚೆಗೆ ಹಾಕುವುದು 2025ರ ಡಿಸೆಂಬರ್ ಹದಿನೈದು, ಸೋಮವಾರ.