ಅಂಕಯ್ಯನ ಹೊಲಕ್ಕೆ ಗಂಧ ಬಂತು

ಅಂಕಯ್ಯ ಕಡಿದದ್ದು ಒಂದೇ ಒಂದು ಒಣಮರ. ಅದೂ ಸ್ವಂತ ಹೊಲದ್ದು. ಅಷ್ಟಕ್ಕೇ ಆ ದಿನ ಹೊಳಲಿನಲ್ಲಿ ಏನೇನು ರಂಪವಾಯಿತು ಅಂತೀರಿ!

ಜರ್ಮನಿಯವರು ಎಲ್ಲೆಲ್ಲೋ ಬಾಂಬು ಹಾಕುತ್ತಿದ್ದ ಕಾಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ಸುದ್ದಿ ನಾಲೆಯ ನೀರು. ಅಂಕಯ್ಯನ ಹೊಲಕ್ಕೆ ನಾಳೆ ಬೆಳಿಗ್ಗೆ ನೀರು ಬಿಡುತ್ತೇವೆಂದು ನೀರುಗಂಟಿ ಹೇಳಿಹೋಗಿದ್ದ. ಬಿತ್ತನೆ ಕಬ್ಬಿನ ತುಂಡುಗಳು ಮೂಟೆಕಟ್ಟಿ ಮನೆ ಮುಂದೆ ಕೂತಿದ್ದವು. ಆದರೆ ಅವನ್ನು ಊರಬೇಕಾದ ಜಾಗದ ತುಂಬ ತಾತನ ಕಾಲದ ಪೊದೆ. ತಂಗಡಿ, ಕಾರೆ, ಹೊಂಗೆ, ಜಾಲಿ ಎಲ್ಲ ಒಂದರ ಮೇಲೊಂದು ಬಿದ್ದುಕೊಂಡು ಬೆಳೆದಿದ್ದವು. ನಾಲೆಯ ನೀರು ಹತ್ತುವ ಜಾಗ ಅವನಿಗೆ ಇದ್ದದ್ದು ಅದೊಂದೇ. ಇವತ್ತು ಬೋಳಿಸದಿದ್ದರೆ ಈ ವರ್ಷ ಕಬ್ಬೂ ಇಲ್ಲ, ಗಿಬ್ಬೂ ಇಲ್ಲ.

ಅಂಚಿನಲ್ಲಿ ಬಳ್ಳಿ ಸುತ್ತಿಕೊಂಡು ಒಣಗಿ ನಿಂತಿದ್ದ ಮೋಟುಮರವನ್ನೇ ಮೊದಲು ಉರುಳಿಸಿದ. ಅದಕ್ಕೆ ಎಲೆ ಇದ್ದ ಕಾಲವನ್ನು ಕಂಡವರೇ ಊರಲ್ಲಿರಲಿಲ್ಲ. ಅದೇ ಹೊತ್ತಿಗೆ ಪಕ್ಕದ ಹೊಲದ ಕೆಂಪಯ್ಯ ಬದುವಿನ ಮೇಲೆ ಬಂದ. ದುದ್ದದಲ್ಲಿ ತಂಗಿ ಮಗಳ ಮದುವೆ ಉಂಡು, ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಬರುತ್ತಿದ್ದ. ಸುಮ್ಮನೆ ಹೋಗಬಾರದೇ? ಬಗ್ಗಿ ಒಂದು ಚಕ್ಕೆ ಎತ್ತಿ ಮೂಸಿದ. ಅವನ ಕಣ್ಣು ಗುಡ್ಡೆ ಸಮೇತ ಹೊರಗೆ ಬಂತು.

“ಲೇ ಅಂಕಾ! ಕೆಟ್ಟಲ್ಲೋ!”

“ಏನಾಯ್ತಣ್ಣಾ?”

“ಸ್ರೀಗಂಧ ಕಣ್ಲಾ ಇದು! ಮೂಸು!” ಕೆಂಪಯ್ಯ ಚಕ್ಕೆ ಹಿಡಿದ ಕೈಯನ್ನು ಅಂಕಯ್ಯನ ಮೂಗಿಗೇ ಒತ್ತಿದ. ಘಮ್ ಅಂದಿತು.

“ನನ್ನ ಒಲದ್ ಮರ ಅಲ್ವಾ ಅಣ್ಣಾ?”

“ಒಲ ನಿಂದು. ಗಂಧ ಮಾರಾಜರ್ದು. ಅಸಿ ಇದ್ರೂ ಅವರ್ದೇ, ಒಣಗುದ್ರೂ ಅವರ್ದೇ. ಕಡ್ದೋನ್ಗೆ ಸೀದಾ ಜೈಲು!”

ಅಂಕಯ್ಯ ಕೈಲಿದ್ದ ಕೊಡಲಿಯನ್ನು ಅತ್ತ ಎಸೆದ. ಕಡಿದ ಮರದ ಮೇಲೆಯೇ ಕೂತ. ಮಹಾರಾಜರ ಮರ ಎಂದು ನೆನಪಾಗಿ ಚಂಗನೆ ಎದ್ದ.

ಗಲಾಟೆ ಕೇಳಿ ನಿಂಗಯ್ಯ ಓಡಿಬಂದ. ಊರಲ್ಲಿ ಯಾರಿಗೆ ಕಷ್ಟ ಬಂದರೂ ಕರೆಯದೆ ಬಂದು ಅದನ್ನು ಎರಡರಷ್ಟು ಮಾಡುವ ಪರೋಪಕಾರಿ ಅವನು. ಮುದ್ದೆಯ ಕುಕ್ಕೆ ಹೊತ್ತು ಅಂಕಯ್ಯನ ಹೆಂಡತಿ ಚಿಕ್ಕಬೋರಮ್ಮನೂ ಬಂದಳು. ಕೆಂಪಯ್ಯ ಅದೇ ಚಕ್ಕೆಯನ್ನು ಇಬ್ಬರಿಗೂ ಮೂಸಿಸಿದ.

“ಅಯ್ಯೋ ನನ್ ಅಣೇಬರವೇ! ಒಲೆಗಾಕಿ ಸುಟ್ಬುಡನ,” ಅಂದಳು ಚಿಕ್ಕಬೋರಮ್ಮ.

“ಸುಟ್ರೆ ಮಂಡ್ಯಗಂಟ ಗಮಲು ಓಯ್ತದೆ ಕಣಮ್ಮ!” ಅಂದ ನಿಂಗಯ್ಯ.

“ನಾಲೆಗೆ ತಳ್ಬುಡನ.”

“ತೂಬಿಗೆ ಸಿಕ್ಕಾಕ್ಕಂಡ್ರೆ ಇಂಜಿನಿಯರ್ರೇ ಬತ್ತಾರೆ!”

ಕೊನೆಗೆ ಕೆಂಪಯ್ಯನೇ ದಾರಿ ತೋರಿಸಿದ. “ನನ್ನ ಒಲದ್ ಪೊದೇಲಿ ಮೊಣಕಾಲುದ್ದದ್ದು ಒಂದು ಗಂಧದ ಸಸಿ ಅದೆ. ಎಂಟೆ ಸಮೇತ ಕಿತ್ಕಬಂದು ಇಲ್ಲಿ ನೆಟ್ಬುಡು. ಗಾರ್ಡು ಕೇಳುದ್ರೆ, ತಾಯಿಮರ ಒಣಗ್ಬಿತ್ತು ಬುದ್ಧಿ, ಮರಿ ಬುಟ್ಟದೆ ಅನ್ನು.”

“ನಿನ್ ಸಸೀನೇ ಕೊಟ್ಬುಡ್ತೀಯಾ ಅಣ್ಣಾ?”

“ಪಕ್ಕದ್ ಒಲದೋನ್ಗೆ ಇಷ್ಟೂ ಮಾಡ್ದಿದ್ರೆ ಎಂಗ್ಲಾ?”

ಅಂಕಯ್ಯನಿಗೆ ಅಳು ಬಂತು. ಕೆಂಪಯ್ಯನ ಕಾಲಿಗೆ ಬಿದ್ದು, ಎದ್ದು, ಗುದ್ದಲಿ ಹಿಡಿದು ತಾನೇ ಸಸಿ ಕಿತ್ತು ತಂದು ಪೊದೆಯ ನಡುವೆ ನೆಟ್ಟ. ಪಾತಿ ಮಾಡಿ, ಕುಡಿಯಲು ತಂದ ನೀರನ್ನೆಲ್ಲ ಅದಕ್ಕೆ ಹೊಯ್ದ. ಗಂಡಹೆಂಡಿರು ಸೇರಿ ದಿಮ್ಮಿಯನ್ನು ಮನೆಗೆ ಹೊತ್ತು, ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸಿದರು. ಉಸ್ಸಪ್ಪಾ ಎಂದು ಅಂಕಯ್ಯ ಜಗಲಿಗೆ ಬಂದರೆ, ಎದುರಿಗೆ ಕಾಡಿನ ಗಾರ್ಡು ವಹಾಬ್ ಸಾಹೇಬರು! ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂಗಯ್ಯ.

“ನಾವಾಗೇ ಏಳ್ಕಂಡ್ರೆ ಸಿಕ್ಸೆ ಅರ್ಧ ಅಂತೆ ಕಣ್ಲಾ,” ಅಂದ ನಿಂಗಯ್ಯ. “ಅದ್ಕೇ ನಾನೇ ಓಡೋಗಿ ಕರ್ಕಬಂದೆ.”

“ಎಲ್ಲಯ್ಯಾ ಮರ?” ಅಂದರು ಸಾಹೇಬರು.

“ಯಾವ್ ಮರ ಬುದ್ಧಿ?”

ಸಾಹೇಬರು ಒಳಗೆ ಇಣುಕಿದರು. “ಮಂಚದ ಮೇಲೆ ಯಾರು?”

“ನಮ್ಮಪ್ಪ,” ಅಂದಳು ಚಿಕ್ಕಬೋರಮ್ಮ.

“ನಮ್ಮತ್ತೆ,” ಅಂದ ಅಂಕಯ್ಯ, ಅದೇ ಗಳಿಗೆಯಲ್ಲಿ. “ಚಳಿಜ್ವರ ಬುದ್ಧಿ. ಅಲ್ಲಾಡಂಗಿಲ್ಲ.”

“ಪಾಪ, ಹಣೆ ಸುಡ್ತದೋ ನೋಡೋಣ,” ಎಂದು ಸಾಹೇಬರು ಕಂಬಳಿ ಎತ್ತಿದರು. ಅಂಕಯ್ಯ ನಿಂತಲ್ಲೇ ಕುಸಿದುಬಿದ್ದ. ಚಿಕ್ಕಬೋರಮ್ಮ ಸೆರಗು ಬಾಯಿಗೆ ತುರುಕಿಕೊಂಡಳು.

ಸಾಹೇಬರು ಚಾಕುವಿನಿಂದ ದಿಮ್ಮಿ ಕೆತ್ತಿದರು. ಮೂಸಿದರು. ಇನ್ನೊಂದು ಕಡೆ ಕೆತ್ತಿ ಮೂಸಿದರು.

“ಇದನ್ನ ಗಂಧ ಅಂದೋರು ಯಾರು?”

ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದ ಕೆಂಪಯ್ಯನನ್ನು ಎಲ್ಲರೂ ನೋಡಿದರು. ಸಾಹೇಬರು ಅವನ ಕೈ ಹಿಡಿದೆಳೆದು ಮೂಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ಮದುವೆಮನೇಲಿ ಕೈಗೆ ಗಂಧ ಬಳಿಸ್ಕೊಂಡು ಬಂದಿದ್ದೀಯಲ್ಲೋ ಮಾರಾಯಾ! ಈ ಕೈಲಿ ಸಗಣಿ ಎತ್ತಿ ಮೂಸಿದ್ರೂ ಗಂಧಾನೇ! ಇದು ಸೌದೆ ಕಣಯ್ಯಾ ಅಂಕಯ್ಯ. ಒಲೆಗೆ ಹಾಕು, ಹೋಗು.”

ಅಂಕಯ್ಯನಿಗೆ ಹೋದ ಜೀವ ಬಂತು. ನಕ್ಕ, ಅತ್ತ, ಹೆಂಡತಿಯ ಕಡೆ ನೋಡಿ ಮತ್ತೆ ನಕ್ಕ. “ಅಂಗಾದ್ರೆ ಪೊದೆ ಕಡೀಬೌದಾ ಬುದ್ಧಿ? ನಾಳೀಕೆ ನೀರು ಬತ್ತದೆ.”

“ಧಾರಾಳವಾಗಿ ಕಡಿ. ನಡಿ, ಬಂದಿದ್ದಕ್ಕೆ ಒಂದ್ಸಲ ನೋಡ್ಬಿಡ್ತೀನಿ.”

ಆ ಸಂತೋಷದಲ್ಲಿ ಅಂಕಯ್ಯನಿಗೆ ಸಸಿಯ ನೆನಪೇ ಬರಲಿಲ್ಲ. ಬೇಡ ಬುದ್ಧಿ, ಬಿಸಿಲು ಅನ್ನಬಾರದೇ ದಡ್ಡ! ತಾನೇ ಮುಂದಾಗಿ ಕರೆದುಕೊಂಡು ಹೋದ.

ಸಾಹೇಬರು ಪೊದೆಯೊಳಗೆ ಇಣುಕಿದವರು ಹಾಗೇ ನಿಂತರು. “ಅರೆ ವಾಹ್! ಇದು ಖರೇ ಗಂಧ! ಪಾತಿ ಬೇರೆ ಮಾಡಿ ನೀರು ಹಾಕಿದ್ದೀಯ! ಇಷ್ಟು ವರ್ಷದಲ್ಲಿ ಸರ್ಕಾರದ ಗಿಡಕ್ಕೆ ನೀರು ಹಾಕಿದ ರೈತನ್ನ ಇವತ್ತೇ ನೋಡಿದ್ದು.” ಅವರ ಕಣ್ಣು ಒದ್ದೆಯಾಯಿತು. “ಇನ್ನು ಈ ಪೊದೆಯ ಒಂದು ಕಡ್ಡೀನೂ ಮುಟ್ಬೇಡ.”

“ಆಂ?”

“ಗಂಧ ಒಂಟಿಯಾಗಿ ಬದುಕೋದಿಲ್ಲ. ಅಕ್ಕಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಹಾಕಿ ಉಣ್ತದೆ. ಪೊದೆ ಹೋದ್ರೆ ಇದೂ ಹೋಗ್ತದೆ. ಇದು ಹೋದ್ರೆ ಜವಾಬು ನೀನೇ ಹೇಳ್ಬೇಕು. ಇಲ್ಲೇ ಹುಟ್ಟಿದ್ದು ತಾನೇ?”

ಅಂಕಯ್ಯ ಕೆಂಪಯ್ಯನನ್ನು ನೋಡಿದ. ಕೆಂಪಯ್ಯ ಆಕಾಶದಲ್ಲಿ ಮೋಡ ಹುಡುಕುತ್ತಿದ್ದ. ಕಿತ್ತದ್ದು ಎಂದರೆ, ಕಿತ್ತವನು ಯಾರು ಎನ್ನುತ್ತಾರೆ. ಕಿತ್ತವನು ತಾನೇ.

“ಇಲ್ಲೇ ಉಟ್ಟದ್ದು ಬುದ್ಧಿ,” ಅಂದ. ಮಾತು ಬಾವಿಯ ತಳದಿಂದ ಬಂದಂತಿತ್ತು.

ಸಾಹೇಬರು ಬೆನ್ನು ತಟ್ಟಿ ಹೋದರು. ಅಂಕಯ್ಯ ಪೊದೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತ. ಕೆಂಪಯ್ಯ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಬಲು ಮೆತ್ತಗೆ ಹೇಳಿದ:

“ಬೇಜಾರ್ ಮಾಡ್ಕಬೇಡ ಕಣ್ಲಾ. ನಂದೂ ಇದೇ ಗೋಳಾಗಿತ್ತು. ಆ ಆಳಾದ್ ಸಸಿ ಅದೆ ಅಂತ ಮೊದ್ಲಿದ್ದ ಗಾರ್ಡು ನನ್ ಪೊದೆ ಕಡಿಯಾಕೇ ಬುಟ್ಟಿರ್ನಿಲ್ಲ. ಈಗ ನಿರಾಳ ಆಯ್ತು, ನಿನ್ ಒಟ್ಟೆ ತಣ್ಣಗಿರ್ಲಿ. ಸಂದೆ ಒಳಗೆ ಬೋಳುಸ್ಬುಡ್ತೀನಿ.”

ಅಂಕಯ್ಯ ಕತ್ತು ಹೊರಳಿಸಿ ಬದುವಿನಾಚೆಯ ಕೆಂಪಯ್ಯನ ಪೊದೆಯನ್ನು ನೋಡಿದ.

“ಇನ್ನ ಆ ಕಬ್ಬಿನ್ ತುಂಡ್ನ ಸುಮ್ಕೆ ಯಾಕ್ಲಾ ಒಣಗುಸ್ತೀಯ? ನಾಳೀಕೆ ನೀರು ನನ್ ಒಲಕ್ಕೂ ಬತ್ತದೆ. ಕೊಡು, ನಾನೇ ಊಣ್ಕತೀನಿ.”

ಅಂಕಯ್ಯ ಏನಾದರೂ ಅನ್ನುವ ಮೊದಲೇ, ಪರೋಪಕಾರಿ ನಿಂಗಯ್ಯ ಮೂಟೆ ತರಲು ಊರ ಕಡೆ ಓಡಿಯಾಗಿತ್ತು.