ತೇಪೆಯೋ, ಹೊಸ ಚೇಂಬರೋ?

ಗ್ಯಾರೇಜು ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಕೆಮ್ಮುತ್ತಾ, ಹೊಗೆ ಬಿಡುತ್ತಾ, ಒಂದೊಂದು ಸಲ ಹಗ್ಗ ಕಟ್ಟಿಸಿಕೊಂಡು ಬಾಗಿಲಿಗೆ ಬರುತ್ತದೆ. ಹೂಟಗಳ್ಳಿಯಲ್ಲಿ ನಾನು ಷೆಡ್ಡು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ಇಷ್ಟು ದಿನದಲ್ಲಿ ಕಂಡುಕೊಂಡದ್ದು ಒಂದೇ: ಕಾರು ಕೆಟ್ಟರೆ ಸ್ಪ್ಯಾನರ್ ಹಿಡಿಯಬಹುದು, ಕಾರಿನವರು ಕೆಟ್ಟರೆ ಕೈ ಮುಗಿಯಬೇಕು.

ಅದರಲ್ಲೂ ಚೇಂಬರ್ ಒಡೆದ ಕೇಸು ಬಂದರೆ ನನಗೆ ನಡುಕ. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವುದಕ್ಕೆ ಒಂದು ತಗಡಿನ ತೊಟ್ಟಿ ಇರುತ್ತದಲ್ಲ, ಅದೇ ಚೇಂಬರ್. ಹಂಪ್ ಸ್ವಲ್ಪ ಎತ್ತರವಿದ್ದರೆ ಮೊದಲು ತಲೆ ಕೊಡುವುದು ಅದೇ. ಒಡೆದರೆ ಎರಡೇ ದಾರಿ. ತೇಪೆ ಹಾಕಬೇಕು, ಇಲ್ಲ ಹೊಸದು ಹಾಕಬೇಕು. ಈ ಎರಡರಲ್ಲಿ ಒಂದನ್ನು ಆರಿಸುವುದಕ್ಕೆ ಜನ ಪಡುವ ಕಷ್ಟವಿದೆಯಲ್ಲ, ಹೆಣ್ಣು ನೋಡಲು ಹೋದವರೂ ಅಷ್ಟು ಪಡುವುದಿಲ್ಲ. ಯಾದವಗಿರಿಯ ರಾಯರಂತೂ ಇದಕ್ಕೆ ಪೂರ್ತಿ ಒಂದು ವಾರ ತೆಗೆದುಕೊಂಡರು.

ಪಾಯಸದ ಬೋಗುಣಿ

ರಾಯರು ನನ್ನ ಹಳೆಯ ಗಿರಾಕಿ. ಸರ್ಕಾರಿ ಕಚೇರಿಯಲ್ಲಿ ಫೈಲು ತಿರುವಿ ನಿವೃತ್ತರಾದವರು. ಅವರ ತಾತ ಅರಮನೆಯ ಉಗ್ರಾಣದಲ್ಲಿದ್ದರಂತೆ. ಅದಕ್ಕೋ ಏನೋ, ಆ ಮನೆಯಲ್ಲಿ ಒಂದು ತುಕ್ಕು ಹಿಡಿದ ಮೊಳೆಯನ್ನೂ ಬಿಸಾಡುವುದಿಲ್ಲ. ಸೋಮವಾರ ಬೆಳಿಗ್ಗೆ ಫೋನು ಮಾಡಿದರು.

"ಬೇಗ ಬಾರಯ್ಯ, ಕಾರು ಸೋರ್ತಾ ಇದೆ."

ಹೋದೆ. ಪೋರ್ಟಿಕೋದಲ್ಲಿ ಕಾರು, ಅದರ ಹೊಟ್ಟೆಯ ಕೆಳಗೆ ಫಳಫಳ ಹೊಳೆಯುವ ಸ್ಟೀಲು ಬೋಗುಣಿ. ಹಬ್ಬದಲ್ಲಿ ಪಾಯಸ ಮಾಡುವಂಥದ್ದು. ಅದರ ತುಂಬ ಕರೀ ಆಯಿಲ್ಲು.

"ಎಷ್ಟು ದಿನದಿಂದ ಸಾ?"

"ಶನಿವಾರದಿಂದ. ಆದ್ರೆ ನಷ್ಟ ಏನೂ ಆಗಿಲ್ಲ ಕಣಯ್ಯ. ದಿನಾ ಬೆಳಿಗ್ಗೆ ಎದ್ದು, ಸೋರಿದ್ದನ್ನೆಲ್ಲ ಮತ್ತೆ ಮೇಲಿಂದ ಹುಯ್ದುಬಿಡ್ತೀನಿ."

"ಧೂಳು, ಕಸ ಎಲ್ಲಾ ಇಂಜಿನ್ ಒಳಕ್ ಹೋಗ್ತದಲ್ಲ ಸಾ!"

"ನಾನೇನು ದಡ್ಡನೇ? ಸೋಸಿ ಹುಯ್ತೀನಿ. ಕಾಫಿ ಫಿಲ್ಟರಿನಲ್ಲಿ."

ಅಡುಗೆಮನೆಯಿಂದ ಒಂದು ದನಿ ಕೇಳಿತು: "ಅದಕ್ಕೇನಾ! ಎರಡು ದಿನದಿಂದ ನಾನು ಪಾಪ ಆ ಕಾಫಿಪುಡಿ ಅಂಗಡಿಯವನನ್ನ ಬೈಕೋತಾ ಇದ್ದೀನಲ್ಲ!"

ಗಂಧದ ಸೋಪು

ಆ ದನಿ ರಾಯರ ಹೆಂಡತಿಯದು. ರಾಜೀವನಗರದ ಒಂದು ಸ್ಕೂಲಿನಲ್ಲಿ ಹೆಡ್ ಮೇಡಂ ಆಗಿದ್ದವರು. ಎರಡೆರಡು ಬಸ್ಸು ಹತ್ತಿಳಿದು, ಸೆರಗು ಸಿಕ್ಕಿಸಿಕೊಂಡು, ಊರಿನ ಈ ತುದಿಯಿಂದ ಆ ತುದಿಗೆ ಮೂವತ್ತು ವರ್ಷ ಓಡಾಡಿದ್ದರು. ಅರವತ್ತೆರಡನೇ ವಯಸ್ಸಿನಲ್ಲಿ ಹಟ ಹಿಡಿದು ಕಾರು ಕಲಿತು, ಒಂದೇ ಸಲಕ್ಕೆ ಲೈಸೆನ್ಸು ಪಡೆದಿದ್ದರು. ಮುಂದಿನ ಭಾನುವಾರ ಆ ಸ್ಕೂಲಿನ ಹಳೆಯ ಮಕ್ಕಳೆಲ್ಲ ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮೇಡಮ್ಮವರಿಗೆ ಶಾಲು, ಹಾರ ಯಾವುದೂ ಬೇಕಿರಲಿಲ್ಲ. "ಬಸ್ಸಿಳಿದು ಬೆವರು ಒರೆಸ್ಕೊಂಡು ಹೋಗ್ತಿದ್ದ ಗೇಟು ಕಣಪ್ಪ ಅದು. ಅದರೊಳಗೆ ಒಂದು ಸಲ ನಾನೇ ಸ್ಟೀರಿಂಗ್ ಹಿಡಿದು ಹೋಗ್ಬೇಕು," ಅಂದರು. ಹೇಳುವಾಗ ಅವರ ಮುಖ ನೋಡಿ, ಏನಾದರೂ ಸರಿ, ಭಾನುವಾರಕ್ಕೆ ಈ ಕಾರು ರೆಡಿಯಾಗಬೇಕು ಅಂತ ನಾನೂ ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

"ಅಲ್ಲಾ, ಚೇಂಬರ್ ಹೊಡೆದಿದ್ದು ಯಾರು?" ಅಂತ ಕೇಳಿದೆ.

ರಾಯರು ಗಂಟಲು ಸರಿಮಾಡಿಕೊಂಡು ಹೆಂಡತಿಯ ಕಡೆ ಕಣ್ಣು ಹಾಯಿಸಿದರು. "ಶನಿವಾರ ಬೆಳಿಗ್ಗೆ ಪ್ರಾಕ್ಟೀಸಿಗೆ ಅಂತ ಇವಳು ತಗೊಂಡು ಹೋಗಿದ್ದಳು. ಕಲಿಯೋರ ಕೈ, ಏನು ಮಾಡೋಕಾಗುತ್ತೆ ಬಿಡು."

ಮೇಡಮ್ಮವರ ಮುಖ ಸಣ್ಣದಾಯಿತು.

ಮಂಗಳವಾರ ಕಾರನ್ನು ಷೆಡ್ಡಿಗೆ ತನ್ನಿ ಅಂದಿದ್ದೆ. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಕಾಂಪೌಂಡಿನ ಆಚೆ ನಿಂತು ಔಷಧಿ ಹೇಳಿದ್ದರು. ಒಬ್ಬರು ಸುಣ್ಣ ಬೆಲ್ಲ ಅಂದರಂತೆ, ಒಬ್ಬರು ಬಬಲ್‌ಗಮ್ ಅಂದರಂತೆ. ಹಿಂದೆ ಲಾರಿ ಇಟ್ಟುಕೊಂಡಿದ್ದವರೊಬ್ಬರು ಬಂದು, "ಸೋಪು ಉಜ್ಜಿ ರಾಯರೇ, ಒಂದು ತೊಟ್ಟು ಬೀಳಲ್ಲ" ಅಂದರು. ಅವರು ಹೇಳಿದ್ದು ಪೆಟ್ರೋಲ್ ಟ್ಯಾಂಕಿನ ಉಪಾಯ, ಕಾದ ಆಯಿಲ್ಲಿನ ಮುಂದೆ ಸೋಪು ಎಷ್ಟು ಹೊತ್ತು ನಿಂತೀತು? ಆದರೆ ರಾಯರು ಬಚ್ಚಲಿಗೆ ಹೋಗಿ, ಮೇಡಮ್ಮವರ ಹೊಸ ಗಂಧದ ಸೋಪನ್ನೇ ತಂದು, ಕಾರಿನಡಿ ಅಂಗಾತ ಮಲಗಿ, ಅರ್ಧ ಸೋಪು ಸವೆಯುವವರೆಗೂ ಉಜ್ಜಿದ್ದರು.

ಸೋರುವುದು ನಿಲ್ಲಲಿಲ್ಲ. ಆದರೆ ನನ್ನ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಘಮಘಮ ಅಂತ ಸೋರಿದ ಕಾರು ಅದೊಂದೇ.

ಎತ್ತಿನ ಗಾಡಿ

ಕಾರನ್ನು ಷೆಡ್ಡಿನ ಸರ್ವೀಸ್ ಗುಂಡಿಯ ಮೇಲೆ ನಿಲ್ಲಿಸಿ, ಗಂಡ ಹೆಂಡತಿ ಇಬ್ಬರನ್ನೂ ಕೆಳಗಿಳಿಸಿ, ಟಾರ್ಚು ಬಿಟ್ಟು ತೋರಿಸಿದೆ. ಚೇಂಬರಿನ ತಳ ನೆಗ್ಗಿತ್ತು, ನೆಗ್ಗಿದ ಕಡೆ ಕೂದಲೆಳೆಯಷ್ಟು ಬಿರುಕು.

"ತೇಪೆ ಹಾಕಿದ್ರೆ ನಿಲ್ತದಾ?" ರಾಯರ ಮೊದಲ ಪ್ರಶ್ನೆ.

"ನಿಂತ್ರೂ ನಿಲ್ತದೆ ಸಾ, ಬುಟ್ರೂ ಬುಡ್ತದೆ. ದಾರೀಲಿ ಬುಟ್ರೆ ಆಯಿಲ್ಲೆಲ್ಲ ಖಾಲಿಯಾಗಿ ಇಂಜಿನ್ನೇ ಹಿಡ್ಕತದೆ. ತೇಪೆ ಹಾಕ್ಕಂಡು ಹಾಲು ತರಕ್ಕೆ ಹೋಗಿ, ರಾಜೀವನಗರಕ್ಕೆ ಹೋಗ್ಬೇಡಿ."

"ಹಾಗಾದ್ರೆ ಸರಿಯೇ ಆಯ್ತು. ತೇಪೆ ಹಾಕು. ರಾಜೀವನಗರಕ್ಕೆ ಇವಳು ಆಟೋದಲ್ಲಿ ಹೋಗ್ತಾಳೆ."

"ನಾನು ಆಟೋದಲ್ಲಿ ಹೋಗೋದಾದ್ರೆ ಕಾರು ಯಾಕ್ರೀ ಕಲೀಬೇಕಿತ್ತು?" ಅಂದರು ಮೇಡಂ. ಷೆಡ್ಡಿನ ಗೋಡೆಯ ಮೇಲೆ ನಾನು ಗಾಡಿ ನಂಬರು ಬರೆಯುವ ಸೀಮೆಸುಣ್ಣ ಎತ್ತಿಕೊಂಡು, ಒಂದು ಕಡೆ 'ತೇಪೆ', ಇನ್ನೊಂದು ಕಡೆ 'ಹೊಸದು' ಅಂತ ಬರೆದು, ನಡುವೆ ಗೆರೆ ಎಳೆದರು. "ಹೂಂ, ಒಂದೊಂದಾಗಿ ಹೇಳಪ್ಪ. ಸುತ್ತಿ ಬಳಸಿ ಹೇಳ್ಬಾರದು." ನಾನು ಕೈ ಕಟ್ಟಿ ನಿಂತೆ. ಪಕ್ಕದ ಟೈರ್ ಅಂಗಡಿಯವನು ಬಗ್ಗಿ ನೋಡಿದವನು ಅವನೂ ಕೈ ಕಟ್ಟಿ ನಿಂತ.

ಗೋಡೆ ತುಂಬಿತು, ತೀರ್ಮಾನ ಮಾತ್ರ ಆಗಲಿಲ್ಲ. ಕೊನೆಗೆ ರಾಯರು ಬ್ರಹ್ಮಾಸ್ತ್ರ ಬಿಟ್ಟರು. "ಎದೆ ಮುಟ್ಕೊಂಡು ಹೇಳಯ್ಯ. ಇದು ನಿಮ್ಮಪ್ಪನ ಗಾಡಿ ಆಗಿದ್ರೆ ನೀನು ಏನು ಮಾಡ್ತಿದ್ದೆ?"

"ನಮ್ಮಪ್ಪ ಎತ್ತಿನ ಗಾಡಿ ಮಡೀಕಂಡಿತ್ತು ಸಾ. ಅದಕ್ಕೆ ಚೇಂಬರ್ರೇ ಇರ್ನಿಲ್ಲ."

ರಸ್ತೆಗೆ ಬಿದ್ದ ತೇಪೆ

ರಾಯರೇ ಗೆದ್ದರು. ಬುಧವಾರ ನಾನು ಬಿರುಕನ್ನು ಉಜ್ಜಿ, ಕಬ್ಬಿಣಕ್ಕೆ ಹಚ್ಚುವ ಅಂಟು ಕಲಸಿ, ಮೇಲೆ ಒಂದು ತಗಡಿನ ಚೂರು ಕೂರಿಸಿದೆ. ಒಂದು ದಿನ ಒಣಗಬೇಕು ಅಂದೆ. ಅಂದದ್ದೇ ತಪ್ಪಾಯಿತು. ರಾಯರು ಸ್ಟೂಲು ಹಾಕಿಸಿಕೊಂಡು ಗುಂಡಿಯ ಪಕ್ಕ ಕೂತೇಬಿಟ್ಟರು, ಟೆರೇಸಿನ ಮೇಲೆ ಸಂಡಿಗೆ ಕಾಯುವವರ ಹಾಗೆ. ಅರ್ಧರ್ಧ ಗಂಟೆಗೆ, "ಒಣಗಿರಬೇಕು ಅಲ್ವೇನಯ್ಯ?" ಅಂತ ಬೆರಳಿನಲ್ಲಿ ಒತ್ತಿ ನೋಡುವುದು. ಅವರು ಒತ್ತದೆ ಇದ್ದಿದ್ದರೆ ಅದು ಬೇಗ ಒಣಗುತ್ತಿತ್ತು ಅಂತ ನನಗೆ ಈಗಲೂ ಅನುಮಾನವಿದೆ.

ಗುರುವಾರ ಸಂಜೆ ಕಾರು ಕೊಟ್ಟೆ. ಮೇಡಂ ಡ್ರೈವಿಂಗು, ರಾಯರು ಪಕ್ಕದಲ್ಲಿ. ಅರ್ಧ ಗಂಟೆಯೂ ಆಗಿಲ್ಲ, ಇಬ್ಬರೂ ಆಟೋದಲ್ಲಿ ವಾಪಸ್ಸು ಬಂದರು. ರಾಯರು ಕರವಸ್ತ್ರ ಬಿಚ್ಚಿದರು. ಒಳಗೆ ನನ್ನ ತಗಡಿನ ಚೂರು, ಅಂಟಿನ ಸಮೇತ.

"ಹಂಪ್ ಮುಟ್ಲೇ ಇಲ್ಲ ಕಣಪ್ಪ, ಎಷ್ಟು ನಿಧಾನಕ್ಕೆ ಇಳಿಸಿದೆ ಗೊತ್ತಾ? ಆದ್ರೂ ಟಣ್ ಅಂತು," ಅಂದರು ಮೇಡಂ. "ತಕ್ಷಣ ಇಂಜಿನ್ ಆಫ್ ಮಾಡಿದೆ. ಇವರು ಹಿಂದೆ ಬರೋ ಬಸ್ಸನ್ನೂ ನೋಡದೆ ಇಳಿದು ಓಡಿ ಇದನ್ನ ಹೆಕ್ಕಿದ್ರು."

"ಚೆನ್ನಾಗೇ ಇದೆ ಕಣಯ್ಯ, ಇದನ್ನೇ ಇನ್ನೊಂದು ಸಲ ಅಂಟಿಸು," ಅಂದರು ರಾಯರು.

ಮೇಡಂ ನನ್ನ ಕಡೆ ತಿರುಗಿದರು. "ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ರಸ್ತೇಲಿ ನಾನು ಬಿದ್ದಿದ್ರೆ ಇಷ್ಟು ಬೇಗ ಇಳಿದು ಓಡಿ ಬರ್ತಿದ್ರಾ ಅಂತ ಒಂದು ಮಾತು ಕೇಳಪ್ಪ."

ಶನಿವಾರದ ಎಣ್ಣೆ

ಹೊಸ ಚೇಂಬರ್ ಹಾಕಲು ಮೇಡಂ ಅಲ್ಲೇ ನಿಂತು ಅಪ್ಪಣೆ ಕೊಟ್ಟರು. ದಾರಿಯಲ್ಲಿ ನಿಂತಿದ್ದ ಕಾರನ್ನು ಹಗ್ಗ ಕಟ್ಟಿ ಎಳೆತಂದು ಹಾಕಿದೆ, ಶುಕ್ರವಾರ ಸಂಜೆ ಅದು ಯಾದವಗಿರಿ ಸೇರಿತು. ಹಳೆಯದನ್ನು ರಾಯರು ಕೇಳಿ ಇಸಿದುಕೊಂಡು ಹೋದರು. ಬಿಚ್ಚಿದ ಸಾಮಾನು ವಾಪಸ್ಸು ಕೊಡದಿದ್ದರೆ ನಮ್ಮ ಮೈಸೂರಿನವರಿಗೆ ನಿದ್ದೆ ಬರುವುದಿಲ್ಲ, ಅದರಲ್ಲಿ ವಿಶೇಷವೇನಿಲ್ಲ.

ಶನಿವಾರ ಬೆಳಿಗ್ಗೆ ಮೇಡಮ್ಮವರ ಫೋನು. "ಕಾರಿನ ಕೆಳಗೆ ಮತ್ತೆ ಎಣ್ಣೆ ಕಣಪ್ಪ. ನಾಳೆ ನಾನು ಆಟೋದಲ್ಲೇ ಹೋಗ್ತೀನಿ ಬಿಡು." ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ 'ಬಿಡು' ಕೇಳಿ ನನಗೆ ಅಳುವೇ ಬಂತು. ಇಪ್ಪತ್ತು ವರ್ಷದ ಹೆಸರು ಒಂದೇ ತೊಟ್ಟಿನಲ್ಲಿ ಹೋಯಿತಲ್ಲ ಅಂತ, ತಿಂಡಿ ತಟ್ಟೆ ಬಿಟ್ಟು ಸ್ಕೂಟರ್ ಹತ್ತಿದೆ.

ಕಾರಿನಡಿ ನುಗ್ಗಿ ನೋಡಿದೆ. ಹೊಸ ಚೇಂಬರ್ ಒಣಗಿದ ಹಪ್ಪಳದಂತಿದೆ, ಒಂದು ಹನಿ ಇಲ್ಲ. ತಳದಲ್ಲಿ ಮಾತ್ರ ಎಂಥದೋ ಮಸಿ. ನೆಲದ ಮೇಲೆ ಅಂಗೈಯಗಲ ಎಣ್ಣೆ. ಬೆರಳು ಅದ್ದಿ ಮೂಸಿದೆ. ಇನ್ನೊಂದು ಸಲ ಮೂಸಿದೆ.

"ಮೇಡಂ, ಇದು ಇಂಜಿನ್ ಆಯಿಲ್ಲಲ್ಲ. ಎಳ್ಳೆಣ್ಣೆ. ಇದ್ರಲ್ಲಿ ದೋಸೆ ಹುಯ್ಬೋದು!"

ಪೋರ್ಟಿಕೋದಲ್ಲಿ ಕೂತಿದ್ದ ರಾಯರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಮೇಡಂ ನೆಲದ ಮೇಲಿನ ಎಣ್ಣೆ ತೊಟ್ಟುಗಳ ಜಾಡು ಹಿಡಿದು ನಿಧಾನವಾಗಿ ತುಳಸಿಕಟ್ಟೆಯ ಹಿಂದೆ ಹೋಗಿ ಬಗ್ಗಿದರು. ಎದ್ದಾಗ ಅವರ ಕೈಯಲ್ಲಿ ನಾನು ಬಿಚ್ಚಿಕೊಟ್ಟ ಹಳೇ ಚೇಂಬರ್. ಒಳಗೆ ಅರ್ಧ ಉರಿದ ಎರಡು ಬತ್ತಿ.

"ಶನಿದೇವರಿಗೆ ಕಣೇ," ಅಂದರು ರಾಯರು, ಪೇಪರಿನ ಹಿಂದಿನಿಂದ. "ಹಣತೆ ಇಟ್ಟರೆ ಗಾಳಿಗೆ ನಿಲ್ತಿರ್ಲಿಲ್ಲ. ಇದು ಆಳವಾಗಿತ್ತು. ಕಾರಿಗೇ ಒಳ್ಳೇದಾಗ್ಲಿ ಅಂತ ಕಾರಿನ ಕೆಳಗೇ ಇಟ್ಟೆ."

ಪೆಟ್ರೋಲ್ ಕಾರಿನ ಇಂಜಿನ್ನಿನ ಕೆಳಗೆ ದೀಪ! ಎಣ್ಣೆ ಬೇಗ ಸೋರಿಹೋಗಿ ದೀಪ ಆರಿತೋ, ಮನೆ ಉಳಿಯಿತೋ. ಇಂಜಿನ್ನಿಂದ ಬಿಚ್ಚಿ ಒಂದು ದಿನವಾಗಿದ್ದರೂ ಆ ಚೇಂಬರ್ ಸೋರುವ ಚಾಳಿ ಮಾತ್ರ ಬಿಟ್ಟಿರಲಿಲ್ಲ.

"ದೇವರಿಗೆ ದೀಪ ಹಚ್ಚೋಕೆ ಕದ್ದುಮುಚ್ಚಿ ಯಾಕೆ?" ಮೇಡಂ ಸೀದಾ ಹೆಡ್ ಮೇಡಮ್ಮಿನ ದನಿಗೆ ಬಂದರು. "ಪೇಪರ್ ಕೆಳಗಿಡಿ. ನನ್ನ ನೋಡಿ ಹೇಳಿ."

ರಾಯರು ಪೇಪರ್ ಕೆಳಗಿಟ್ಟರು. ಆರಡಿ ಆಳು, ನೋಡುನೋಡುತ್ತ ಮೂರನೇ ಕ್ಲಾಸಿನ ಹುಡುಗನಾಗಿಬಿಟ್ಟರು. "ಹೋದ ಶನಿವಾರ ಚೇಂಬರ್ ಹೊಡೆದಿದ್ದು ನೀನಲ್ಲ ಕಣೇ. ನಾನು. ಒಪ್ಪೊತ್ತು ಅಂತ ನಿನಗೆ ಹೇಳಿ, ಮಧ್ಯಾಹ್ನ ನೀನು ಮಲಗಿದ್ದಾಗ ಕಾರು ತಗೊಂಡು ಹೋಗಿ ಅಂಗಡೀಲಿ ಎರಡು ಒಬ್ಬಟ್ಟು ತಿಂದೆ. ನೀನು ಏಳೋದ್ರೊಳಗೆ ವಾಪಸ್ಸು ಬರ್ಬೇಕು ಅಂತ ಜೋರಾಗಿ ಬಂದೆ. ಹಂಪ್ ಕಾಣ್ಲಿಲ್ಲ. ಶನಿವಾರ, ಅದೂ ಶುಗರ್ ಇಟ್ಕೊಂಡು, ಅದೂ ಸುಳ್ಳು ಹೇಳಿ... ನಾಳೆ ನೀನು ಒಬ್ಬಳೇ ಹೋಗ್ತೀಯ. ನನ್ನ ತಪ್ಪಿಗೆ ನಿನಗೇನಾದ್ರೂ ಆದ್ರೆ ಅಂತ ಹೆದರಿಕೆ ಆಯ್ತು. ಅದಕ್ಕೆ ದೀಪ."

ಒಂದು ವಾರದಿಂದ ಮಾಡದ ತಪ್ಪಿಗೆ ಮುಖ ಸಣ್ಣ ಮಾಡಿಕೊಂಡಿದ್ದ ಮೇಡಮ್ಮವರನ್ನು ನೋಡಿ ನನಗೆ ರಾಯರ ಮೇಲೆ ಸಿಟ್ಟೇ ಬಂತು. ಮೇಡಂ ಹಳೇ ಚೇಂಬರನ್ನು ರಾಯರ ಕಾಲ ಬಳಿ ಇಟ್ಟರು. ಆಮೇಲೆ ಕೇಳಿದ್ದು ಒಂದೇ ಮಾತು:

"ಕಾಯೊಬ್ಬಟ್ಟೋ, ಬೇಳೆಯೊಬ್ಬಟ್ಟೋ?"

"ಒಂದೊಂದು," ಅಂದರು ರಾಯರು.

ಗೇಟಿನ ಹಂಪ್

ಶಿಕ್ಷೆ ಅಲ್ಲೇ ತೀರ್ಮಾನವಾಯಿತು. ಭಾನುವಾರ ರಾಯರೂ ಜೊತೆಗೆ ಹೋಗಬೇಕು. ದಾರಿಯಲ್ಲಿ ಎಷ್ಟು ಹಂಪ್ ಬರುತ್ತದೋ ಅಷ್ಟೂ ಕಡೆ ಕಾರಿಂದ ಇಳಿದು, ಹಂಪ್ ದಾಟಿ, ಬಗ್ಗಿ ಚೇಂಬರ್ ನೋಡಿ, ಕೈ ಬೀಸಿ ಕಾರನ್ನು ದಾಟಿಸಿ, ಮತ್ತೆ ಹತ್ತಬೇಕು.

ನನ್ನ ಚೇಂಬರಿನ ಮೇಲೆ ನನಗೆ ನಂಬಿಕೆಯಿತ್ತು. ಆದರೂ ಮನಸ್ಸು ತಡೆಯದೆ ಸ್ಕೂಟರಿನಲ್ಲಿ ಹಿಂದೆ ಹಿಂದೆ ಹೋದೆ. ಯಾದವಗಿರಿಯಿಂದ ರಾಜೀವನಗರಕ್ಕೆ ಇಷ್ಟೊಂದು ಹಂಪ್ ಇವೆ ಅಂತ ನನಗೆ ಗೊತ್ತಾದದ್ದು ಅವತ್ತೇ. ಜರಿ ಪಂಚೆ, ಸಿಲ್ಕ್ ಜುಬ್ಬಾ ತೊಟ್ಟಿದ್ದ ರಾಯರು ಇಳಿದರು, ಬಗ್ಗಿದರು, "ಬಾ, ಬಾ, ಹಾಂ, ಬಾ" ಅಂದರು, ಹತ್ತಿದರು. ಅರ್ಧ ದಾರಿಗೆ ಜುಬ್ಬಾ ನೆಂದು ಬೆನ್ನಿಗೆ ಅಂಟಿತ್ತು. ಮೇಡಂ ಮಾತ್ರ ಒಂದು ಕಡೆಯೂ ತಗಲಿಸದೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿದರು. ಅವತ್ತು ನಾನು ಅವರನ್ನು ನೋಡಿ ಹೆಮ್ಮೆಪಟ್ಟಷ್ಟು ನನ್ನ ಸ್ವಂತ ಕೆಲಸಕ್ಕೂ ಪಟ್ಟಿಲ್ಲ.

ಸ್ಕೂಲಿನ ಗೇಟಿನ ಬಾಯಲ್ಲೇ ಕೊನೆಯ ಹಂಪ್. ಎಲ್ಲಕ್ಕಿಂತ ಎತ್ತರದ್ದು. ಆಚೆ ಹಾರ ಹಿಡಿದು ಹಳೆಯ ಮಕ್ಕಳೆಲ್ಲ ನಿಂತಿದ್ದಾರೆ. ಕಾರು ನಿಂತಿತು. ರಾಯರು ಇಳಿದು, ಅಷ್ಟು ಜನರ ಮುಂದೆ ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕೆನ್ನೆ ತಾಗಿಸುವಷ್ಟು ಬಗ್ಗಿ, ಕೈ ಬೀಸಿದರು. ಮೇಡಂ ಹೂವು ಇಟ್ಟಂತೆ ಕಾರನ್ನು ಒಳಗೆ ಇಳಿಸಿದರು. ಚಪ್ಪಾಳೆಯೋ ಚಪ್ಪಾಳೆ. ಮೇಡಮ್ಮವರ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ.

ಹಾರ ಹಾಕಿದ ಹಳೆಯ ಶಿಷ್ಯನೊಬ್ಬ, ಬೆವರು ಸುರಿಸುತ್ತಾ ಹಿಂದಿನಿಂದ ನಡೆದು ಬರುತ್ತಿದ್ದ ರಾಯರನ್ನು ನೋಡಿ ಕೇಳಿದ: "ಮೇಡಂ, ಅವರು ನಿಮ್ಮ ಡ್ರೈವರಾ?"

"ಡ್ರೈವರ್ ನಾನು ಕಣೋ," ಅಂದರು ಮೇಡಂ. "ಅವರು ನಮ್ಮನೆಯವರು. ಹೊಸದು ಸಿಗಲ್ಲ ಅಂತ ಮೂವತ್ತೆಂಟು ವರ್ಷದಿಂದ ತೇಪೆ ಹಾಕ್ಕೊಂಡೇ ಓಡಿಸ್ತಿದ್ದೀನಿ."